ತಲೆನೋವೇ ಇಲ್ಲದೆ ಕಣ್ಣ ಮುಂದೆ ಮಿನುಗುವ ಗೆರೆ: ಇದೂ ಮೈಗ್ರೇನಾ?

ಬದಿಯಡ್ಕದ ಮನೆಯಲ್ಲಿ ಅಡಿಕೆ ಸುಲಿಯುವಾಗ ಕಣ್ಣ ಮುಂದೆ ಗರಗಸದ ಹಲ್ಲಿನಂಥ ಬೆಳಕಿನ ಗೆರೆ ಬಂತು, ಅರ್ಧ ಗಂಟೆಯಲ್ಲಿ ಹೋಯಿತು, ತಲೆನೋವು ಬರಲೇ ಇಲ್ಲ ಎಂದಿದ್ದೀರಿ. ಇದು ಮೈಗ್ರೇನೇ ಆಗಿರಬಹುದು. ಈ ಲಕ್ಷಣಕ್ಕೆ ಡಾಕ್ಟರು ‘ಔರಾ’ ಎನ್ನುತ್ತಾರೆ. ನೋವಿಲ್ಲದೆ ಅದೊಂದೇ ಬರುವುದೂ ಉಂಟು.

ಮೂಲ ಇರುವುದು ಕಣ್ಣಿನಲ್ಲಲ್ಲ, ಮಿದುಳಿನ ಹಿಂಭಾಗದಲ್ಲಿ. ಅಲ್ಲಿ ನರಕೋಶಗಳ ಚಟುವಟಿಕೆ ಏರಿ ಇಳಿಯುವ ಅಲೆಯೊಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ಸಾಗುತ್ತದೆ. ಅಷ್ಟು ನಿಧಾನ! ಅದಕ್ಕೇ ಚುಕ್ಕೆಯಷ್ಟಿದ್ದ ಮಿನುಗು ದೊಡ್ಡದಾಗುತ್ತಾ ಅಂಚಿಗೆ ಸರಿಯುವುದು. ಸಾಮಾನ್ಯವಾಗಿ 5ರಿಂದ 60 ನಿಮಿಷ ಇರುತ್ತದೆ.

ಮತ್ತೆ ಬಂದರೆ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಎರಡರಲ್ಲೂ ಕಂಡರೆ ಮೈಗ್ರೇನ್ ಸಾಧ್ಯತೆ ಜಾಸ್ತಿ. ಒಂದೇ ಕಣ್ಣಿನಲ್ಲಾದರೆ ರೆಟಿನಾ (ಕಣ್ಣಿನ ಒಳಗಿನ ಪರದೆ) ತೊಂದರೆಯೂ ಇರಬಹುದು, ಕಣ್ಣಿನ ಡಾಕ್ಟರಿಗೆ ಬೇಗ ತೋರಿಸಿ.

ನೋಟ ಥಟ್ಟನೆ ಕಪ್ಪಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಅದು ಪಾರ್ಶ್ವವಾಯು ಇರಬಹುದು. ಮಂಗಳೂರಿಗೆ ಹೋದಾಗ ತೋರಿಸಿದರಾಯ್ತು ಅಂತ ಸುಮ್ನೆ ಕೂರಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ತಕ್ಷಣ ಹೋಗಿ. 40 ದಾಟಿದ ಮೇಲೆ ಇಂಥ ಗೆರೆ ಮೊದಲ ಸಲ ಬಂದಿದ್ದರೂ ಡಾಕ್ಟರನ್ನು ಕಾಣಲೇಬೇಕು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಗೆರೆ ಕಾಣುತ್ತಿರುವಾಗ ಸ್ಕೂಟರ್ ಮಾತ್ರ ಓಡಿಸಬೇಡಿ.