ಜಾವೆಲಿನ್ ಎಸೆಯುವವರು ಓಡಿ ಬಂದು ಗಕ್ಕನೆ ನಿಲ್ಲುವುದೇಕೆ?

ನಿಮ್ಮ ಪ್ರಶ್ನೆ ಇಷ್ಟು: ನೀರಜ್ ಚೋಪ್ರಾ ಅಷ್ಟು ಜೋರಾಗಿ ಓಡಿ ಬರುತ್ತಾರೆ, ಎಸೆಯುವ ಹೊತ್ತಿಗೆ ಎಡಗಾಲು ಊರಿ ನಿಂತೇಬಿಡುತ್ತಾರೆ. ಹಾಗಾದರೆ ಓಡಿದ್ದೆಲ್ಲ ದಂಡ ಅಲ್ವಾ? ಓಡುತ್ತಲೇ ಎಸೆದರೆ ಇನ್ನೂ ದೂರ ಹೋಗಬೇಕಲ್ವಾ? ಹೈಸ್ಕೂಲಿನಲ್ಲಿರುವ ನಿಮ್ಮ ತಮ್ಮನೂ ಹಾಗೇ ಓಡುತ್ತಾ ಎಸೆಯುತ್ತಾನೆ ಅಂತ ಬರೆದಿದ್ದೀರಿ.

ಮಕ್ಕಳಿಗೆ ಗುಂಡು, ಡಿಸ್ಕಸ್, ಜಾವೆಲಿನ್ ಹೇಳಿಕೊಡುವುದು ನನ್ನ ಕೆಲಸ. ಹೊಸದಾಗಿ ಬರುವ ಮಕ್ಕಳೂ ಇದನ್ನೇ ಕೇಳುತ್ತಾರೆ. ಓಟ ದಂಡವಾಗುವುದಿಲ್ಲ. ಕಾಲು ನಿಂತಿದ್ದರಿಂದಲೇ ಅದು ಕೈವರೆಗೆ ತಲುಪುತ್ತದೆ.

ಮೊದಲು ಲೆಕ್ಕ ನೋಡಿ. ಗಂಡಸರ ಜಾವೆಲಿನ್ ತೂಕ 800 ಗ್ರಾಂ. ಅದು 85-90 ಮೀಟರ್ ಹೋಗಬೇಕಾದರೆ ಕೈ ಬಿಡುವಾಗ ವೇಗ ಸೆಕೆಂಡಿಗೆ ಸುಮಾರು 30 ಮೀಟರ್ ಇರಬೇಕು. ಓಟದ ವೇಗ 6 ಮೀಟರ್ ಆಸುಪಾಸು. ಓಡುತ್ತಲೇ ಎಸೆದರೆ ಓಟದಿಂದ ಸಿಗುವುದು ಈ 6 ಮಾತ್ರ. ಉಳಿದ 24 ತೋಳೇ ಹುಟ್ಟಿಸಬೇಕು. ಬರೀ ತೋಳಿನಿಂದ ಅದು ಆಗದ ಮಾತು.

ಈಗ ಶಕ್ತಿಯ ಲೆಕ್ಕ ಹಾಕಿ. ಸೆಕೆಂಡಿಗೆ 30 ಮೀಟರ್ ವೇಗದ ಜಾವೆಲಿನ್‌ನಲ್ಲಿರುವ ಚಲನಶಕ್ತಿ 360 ಜೂಲ್. 85 ಕೆಜಿಯ ಆಳು 6 ಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅವನ ಮೈಯಲ್ಲಿರುವುದು 1,530 ಜೂಲ್. ನಾಲ್ಕು ಪಟ್ಟಿಗೂ ಜಾಸ್ತಿ! ಸರಕು ಬೇಕಾದಷ್ಟಿದೆ. ಅದನ್ನು ಕೈಗೆ ಸಾಗಿಸುವುದೇ ಕಷ್ಟದ ಕೆಲಸ.

ಓಡುವಾಗ ಕಲ್ಲು ಎಡವಿದರೆ ಏನಾಗುತ್ತದೆ? ಕಾಲು ನಿಲ್ಲುತ್ತದೆ, ತಲೆ ಮುಂದಕ್ಕೆ ಹಾರುತ್ತದೆ. ಜಾವೆಲಿನ್‌ನವರು ಬೇಕಂತಲೇ ಎಡವುತ್ತಾರೆ, ಅಷ್ಟೇ. ಇದನ್ನೂ ಲೆಕ್ಕದಲ್ಲಿ ತೋರಿಸಬಹುದು. ನೆಟ್ಟಗೆ ನಿಂತ ಗಟ್ಟಿ ಕೋಲೊಂದು ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಮುಂದೆ ಹೋಗುತ್ತಿದೆ ಅಂದುಕೊಳ್ಳಿ. ಅದರ ಬುಡವನ್ನು ಮಾತ್ರ ತಟ್ಟನೆ ತಡೆದರೆ ಕೋಲು ಬುಡದ ಸುತ್ತ ತಿರುಗತೊಡಗುತ್ತದೆ. ತಡೆದ ಹೊಡೆತ ಬುಡಕ್ಕೇ ಬಿದ್ದಿದೆ. ಹಾಗಾಗಿ ಬುಡದ ಸುತ್ತ ಅದರ ಟಾರ್ಕ್ (ಅಂದರೆ ತಿರುಗಿಸುವ ಪರಿಣಾಮ) ಸೊನ್ನೆ, ಆ ಸುತ್ತಿನ ಕೋನೀಯ ಸಂವೇಗ (ಅಂದರೆ ತಿರುಗುವ ಚಲನೆಯ ಮೊತ್ತ) ಇದ್ದಷ್ಟೇ ಇರುತ್ತದೆ. ಕೂಡಿ ಕಳೆದರೆ ಕೋಲಿನ ನಡುಭಾಗದ ವೇಗ 6ರಿಂದ 4.5ಕ್ಕೆ ಇಳಿಯುತ್ತದೆ, ತುದಿಯ ವೇಗ 9ಕ್ಕೆ ಏರುತ್ತದೆ. ಯಾರೂ ಹೊಸದಾಗಿ ತಳ್ಳಲಿಲ್ಲ, ಆದರೂ ತುದಿಗೆ ಒಂದೂವರೆ ಪಟ್ಟು ವೇಗ ಬಂತು.

ಮನುಷ್ಯ ಗಟ್ಟಿ ಕೋಲಲ್ಲ, ಮಧ್ಯೆ ಕೀಲುಗಳಿವೆ. ಅದರಿಂದ ಒಂದು ತೊಂದರೆ, ಒಂದು ಲಾಭ.

ತೊಂದರೆ ಮಂಡಿಯದು. ಮೈ ಹಿಂದಕ್ಕೆ ವಾಲಿರುವಾಗಲೇ ಎಡಗಾಲು ಮುಂದೆ ಚಾಚಿ ಹಿಮ್ಮಡಿ ನೆಲಕ್ಕೆ ಬೀಳುತ್ತದೆ. ಆ ಗಳಿಗೆಯಲ್ಲಿ ನೆಲ ಆ ಕಾಲನ್ನು ದೇಹದ ತೂಕದ ಐದು ಪಟ್ಟಿಗೂ ಜಾಸ್ತಿ ಬಲದಿಂದ ವಾಪಸ್ ತಳ್ಳುತ್ತದೆ. ಮಂಡಿ ಮಡಚಿಕೊಂಡರೆ ಆ ಹೊಡೆತವನ್ನೆಲ್ಲ ತೊಡೆಯೇ ನುಂಗಿಬಿಡುತ್ತದೆ. ಬುಡ ನಿಂತಂತೆಯೇ ಅಲ್ಲ, ತುದಿಗೆ ಏನೂ ಸಿಗುವುದಿಲ್ಲ. ಬಿಗಿಯಾಗಿ ನಿಂತ ಎಡಗಾಲೇ ದೊಡ್ಡ ಎಸೆತಗಾರರ ಗುರುತು. ತೋಳು ನೋಡಿ ಬೆರಗಾಗುವವರು ಒಮ್ಮೆ ಸ್ಲೋ ಮೋಷನ್‌ನಲ್ಲಿ ಕಾಲು ನೋಡಬೇಕು.

ಲಾಭದ ಕಡೆ ಬನ್ನಿ. ಬಲಗೈಯವರನ್ನೇ ತೆಗೆದುಕೊಳ್ಳಿ. ಎಡಗಾಲು ನಿಂತ ಕೂಡಲೇ ಸೊಂಟದ ಎಡಬದಿಯೂ ನಿಲ್ಲುತ್ತದೆ, ಬಲಬದಿ ಮುಂದಕ್ಕೆ ತಿರುಗುತ್ತದೆ. ಭುಜ ಮಾತ್ರ ಇನ್ನೂ ಹಿಂದೆಯೇ ಇರುತ್ತದೆ. ನಡುವೆ ಹೊಟ್ಟೆ, ಎದೆಯ ಸ್ನಾಯುಗಳು ಪೂರಾ ಹಿಗ್ಗುತ್ತವೆ, ಹಿಗ್ಗಿದ್ದು ತಿರುಗಿ ಎಳೆಯುತ್ತದೆ. ಆಗ ಭುಜ ಬರುತ್ತದೆ, ಅದರ ಹಿಂದೆ ಮೊಣಕೈ, ಕೊನೆಗೆ ಮಣಿಕಟ್ಟು. ಪ್ರತಿ ಸಲವೂ ದಪ್ಪ ಭಾಗದ ವೇಗ ತಗ್ಗುತ್ತಾ ಅದರಾಚೆಯ ಹಗುರ ಭಾಗಕ್ಕೆ ವೇಗ ದಾಟುತ್ತದೆ. ಮುಂಗೈ ಮತ್ತು ಹಸ್ತ ಸೇರಿಸಿದರೂ 2 ಕೆಜಿ ಆಸುಪಾಸು. 85 ಕೆಜಿಯ ಓಟವನ್ನು ಅಷ್ಟು ಸಣ್ಣ ತೂಕಕ್ಕೆ ದಾಟಿಸಿದರೆ ವೇಗ ಎಷ್ಟಾಗಬಹುದು, ನೀವೇ ಊಹಿಸಿ. ಕಾಲು ಊರಿದಾಗಿನಿಂದ ಜಾವೆಲಿನ್ ಕೈಬಿಡುವವರೆಗಿನ ಇಷ್ಟೂ ಕೆಲಸಕ್ಕೆ ಹಿಡಿಯುವ ಹೊತ್ತು ಸೆಕೆಂಡಿನ ಎಂಟನೇ ಒಂದು ಭಾಗದಷ್ಟು. ಯೋಚಿಸಿ ಮಾಡುವ ಮಾತೇ ಇಲ್ಲ.

ಎಡಗೈಯನ್ನೂ ಗಮನಿಸಿ. ಮೊದಲು ಎದುರಿಗೆ ಚಾಚಿರುತ್ತದೆ, ಎಸೆಯುವಾಗ ಮಡಚಿ ಪಕ್ಕೆಗೆ ಒತ್ತಿಕೊಳ್ಳುತ್ತಾರೆ. ಸುಮ್ನೆ ಸ್ಟೈಲಿಗಲ್ಲ. ತಿರುಗುವ ಅಕ್ಷಕ್ಕೆ ತೂಕ ಹತ್ತಿರ ಬಂದಷ್ಟೂ ತಿರುಗುವ ವೇಗ ಜಾಸ್ತಿ. ಎಡಭುಜಕ್ಕೆ ತಡೆ ಬಿದ್ದಂತಾಗಿ ಬಲಭುಜ ಇನ್ನಷ್ಟು ಬೇಗ ಮುಂದೆ ಬರುತ್ತದೆ.

2025ರ ಜುಲೈ 5ರಂದು ಬೆಂಗಳೂರಿನ ಕಂಠೀರವದಲ್ಲಿ ನೀರಜ್ 86.18 ಮೀಟರ್ ಎಸೆದು ಗೆದ್ದರಲ್ಲ, ಅದರ ವಿಡಿಯೊ ಇದ್ದರೆ ಜಾವೆಲಿನ್ ಕಡೆ ನೋಡದೆ, ಎಸೆದ ಮೇಲಿನ ನೀರಜ್‌ರನ್ನೇ ನೋಡಿ. ಎಷ್ಟೋ ಸಲ ಅವರು ಮುಂದಕ್ಕೆ ಮುಗ್ಗರಿಸಿ ಎರಡೂ ಕೈ ಊರುತ್ತಾರೆ. ಮೈಯೆಲ್ಲ ಎಡಪಾದದ ಸುತ್ತ ತಿರುಗಿ ಬಂದಿರುತ್ತದೆ, ಉಳಿದ ವೇಗ ಎಲ್ಲಾದರೂ ಹೋಗಬೇಕಲ್ಲ! ಓಟದ ದಾರಿಯ ಕೊನೆಯಲ್ಲಿರುವ ಗೆರೆ ಮುಟ್ಟಿದರೂ ಫೌಲ್, ಹಾಗಾಗಿ ಗೆರೆಗಿಂತ ಒಂದೆರಡು ಮೀಟರ್ ಹಿಂದೆಯೇ ಕಾಲು ಊರಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅವರ ಆರು ಎಸೆತಗಳಲ್ಲಿ ಐದು ಫೌಲ್. ಸರಿಯಾದ ಒಂದೇ ಎಸೆತ 89.45 ಮೀಟರ್, ಅದಕ್ಕೆ ಬೆಳ್ಳಿ. ಆಗ ಅವರಿಗೆ ಕೋಚ್ ಆಗಿದ್ದ ಜರ್ಮನಿಯ ಕ್ಲಾಸ್ ಬಾರ್ಟೊನಿಯೆಟ್ಜ್ ಬಯೋಮೆಕಾನಿಕ್ಸ್ (ದೇಹದ ಚಲನೆಯ ವಿಜ್ಞಾನ) ತಜ್ಞರು.

ಇಷ್ಟು ವೇಗ ದಾಟಿಸುವುದಕ್ಕೆ ಕೀಲುಗಳು ಬೆಲೆ ತೆರುತ್ತವೆ. ನೀರಜ್ 2019ರಲ್ಲಿ ಬಲ ಮೊಣಕೈಗೆ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಫಾಸ್ಟ್ ಬೌಲರ್‌ಗಳೂ ಮುಂಗಾಲನ್ನು ಹೀಗೇ ಊರುತ್ತಾರೆ, ಅವರಿಗೆ ಸೊಂಟ, ಬೆನ್ನಿನ ಕಾಟ.

ಅದಕ್ಕೇ ನಿಮ್ಮ ತಮ್ಮನಿಗೆ ನಾಳೆಯೇ 'ಪೂರಾ ಓಡಿ ಕಾಲು ಬಿಗಿ ಮಾಡು' ಅನ್ನಬೇಡಿ, ಮಂಡಿ ಹೋದೀತು. ಮೊದಲು ನಿಂತಲ್ಲಿಂದ ಎಸೆಯಲಿ. ಆಮೇಲೆ ಮೂರು ಹೆಜ್ಜೆ, ಆಮೇಲೆ ಐದು. ಮಣ್ಣಿನ ಮೈದಾನವಾದರೆ ಒಳ್ಳೆಯದೇ ಆಯಿತು, ಎಸೆದ ಮೇಲೆ ಎಡಗಾಲಿನ ಗುರುತು ನೋಡಿ. ಹಿಮ್ಮಡಿ ಒಂದೇ ಕಡೆ ಗುಳಿ ಮಾಡಿದ್ದರೆ ಕಾಲು ನಿಂತಿದೆ, ಇನ್ನೆರಡು ಹೆಜ್ಜೆ ಸೇರಿಸಬಹುದು. ಗುರುತು ಮುಂದಕ್ಕೆ ಎಳೆದುಕೊಂಡು ಹೋಗಿದ್ದರೆ ಆ ವೇಗ ತಡೆಯುವ ಶಕ್ತಿ ಕಾಲಿಗೆ ಇನ್ನೂ ಬಂದಿಲ್ಲ, ಎರಡು ಹೆಜ್ಜೆ ಕಡಿಮೆ ಮಾಡಿಸಿ.