ತಾಳ ಹಾಕುವವರಿಲ್ಲದ ವೀಣೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

62 ವರ್ಷದ ನಿವೃತ್ತ ಶಿಕ್ಷಕಿ, ಮೈಸೂರಿನವರು. ಪತಿ ತೀರಿಕೊಂಡು 9 ತಿಂಗಳು. ನಮ್ಮಲ್ಲಿಗೆ ಆಪ್ತ ಸಮಾಲೋಚನೆಗೆ ಕರೆತಂದವನು ಮಗ. "ಅಮ್ಮ ವೀಣೆ ಮುಟ್ತಾ ಇಲ್ಲ. ಮನಸ್ಸು ಹಗುರ ಆಗಲಿ ಅಂತ ಬೆಳಗಿಂದ ಸಂಗೀತ ಹಾಕಿಡ್ತೀನಿ, ಎದ್ದು ಒಳಗೆ ಹೋಗಿಬಿಡ್ತಾರೆ."

ಸಂಜೆ ಕಾಫಿಯಾದ ಮೇಲೆ ಇವರು ನುಡಿಸುವುದು, ಯಜಮಾನರು ಬೆತ್ತದ ಕುರ್ಚಿಯ ಕೈಮೇಲೆ ತಾಳ ಹಾಕುವುದು ಆ ಮನೆಯ ರೂಢಿ. "ಈಗ ಮೀಟಿದರೆ ಆ ಟಕ್ ಟಕ್ ಬರಲ್ಲ ಮೇಡಂ, ಕೈ ನಿಂತುಹೋಗತ್ತೆ." 4ನೇ ತಿಂಗಳಲ್ಲಿ ಒಮ್ಮೆ ಕೂತಿದ್ದರು. ನೇರವಾಗಿ ಯಜಮಾನರಿಗೆ ಪ್ರಿಯವಾದ ಕಲ್ಯಾಣಿ ರಾಗದ ಕೃತಿಗೇ ಕೈಹಾಕಿ, ಪಲ್ಲವಿ ಮುಗಿಯುವ ಮೊದಲೇ ಎದ್ದಿದ್ದರು. ಅಂದಿನಿಂದ ವೀಣೆಗೆ ಗವಸು.

ಮೊದಲು ವಿಚಾರಿಸಿದ್ದು ನಿದ್ದೆ, ಊಟ, ಸಾಯುವ ಯೋಚನೆ. ಯೋಚನೆ ಇರಲಿಲ್ಲ, ಇದ್ದಿದ್ದರೆ ವೀಣೆಯ ಮಾತು ಆಮೇಲೆ, ಮನೋವೈದ್ಯರು ಮೊದಲು. (ಹೊತ್ತಲ್ಲದ ಹೊತ್ತಿನಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416.) 6 ತಿಂಗಳು ದಾಟಿದ ಮಾತ್ರಕ್ಕೆ ಶೋಕ ಕಾಯಿಲೆಯಾಗುವುದಿಲ್ಲ, ದಿನದ ಬದುಕೇ ನಿಂತುಹೋಗಿದೆಯೇ ಎಂದು ನೋಡಬೇಕು. ಇವರದು ನಿಂತಿರಲಿಲ್ಲ.

ಮಗನಿಗೆ ಹೇಳಿದ್ದು: ಸಂಗೀತ ಹಾಕುವುದನ್ನು ನಿಲ್ಲಿಸಿ. ಒಗ್ಗರಣೆ ಹಾಕುವಾಗ ಕರೆಯದೆ ಬಂದ ಹಾಡು ದುಃಖವನ್ನೂ ಕರೆಯದೆಯೇ ತರುತ್ತದೆ. ಯಾವುದನ್ನು, ಯಾವಾಗ ಕೇಳಬೇಕೆಂಬುದು ಅಮ್ಮನ ಕೈಯಲ್ಲಿರಲಿ.

ನಂತರ ವಾದ್ಯದ ರಿಪೇರಿ. ಇದು ಚಿಕ್ಕ ವಿಷಯವಲ್ಲ. ತಿಂಗಳುಗಟ್ಟಲೆ ಮುಟ್ಟದ ವೀಣೆಯ ಉಕ್ಕಿನ ತಂತಿ ತುಕ್ಕು ಹಿಡಿದಿರುತ್ತದೆ, ಬೇಸಿಗೆಗೆ ಮೇಣ ಮೆತ್ತಗಾಗಿ ಅದರ ಮೇಲೆ ಕೂರಿಸಿದ ಮೆಟ್ಟಿಲು (ತಂತಿಯ ಕೆಳಗಿನ, ಸ್ವರಸ್ಥಾನದ ಲೋಹದ ಪಟ್ಟಿ) ಸರಿದಿರುತ್ತದೆ. ಆ ಅಪಸ್ವರ ಕೇಳಿ "ನನ್ನ ಕೈಯೇ ಹೋಯಿತು" ಅಂದುಕೊಳ್ಳುತ್ತಾರೆ. 7 ತಂತಿಗಳನ್ನೂ ಬದಲಿಸಿ, 24 ಮೆಟ್ಟಿಲುಗಳಿಗೆ ಹೊಸದಾಗಿ ಮೇಳ ಕಟ್ಟಿಸಿದ (ಸ್ವರಕ್ಕೆ ಸರಿಯಾಗಿ ಮೇಣದಲ್ಲಿ ಕೂರಿಸಿದ) ಮೇಲೆಯೇ ಕೂರಬೇಕೆಂದು ಗೊತ್ತುಮಾಡಿದೆವು.

ಮೊದಲ ವಾರ ರಾಗವೇ ಬೇಡ. ಬೆಳಗ್ಗೆ 10 ನಿಮಿಷ (ಸಂಜೆ ಬೇಡ, ಅದು ಅವರಿಬ್ಬರ ಹೊತ್ತು), ಪಕ್ಕದ 3 ತಾಳದ ತಂತಿಗಳನ್ನು ಕಿರುಬೆರಳಿನಿಂದ ಮೀಟುತ್ತ ಆದಿತಾಳದ 8 ಅಕ್ಷರ. ಕುರ್ಚಿಯ ತಾಳವಿದ್ದಷ್ಟು ಕಾಲ ಆ ಬೆರಳು ಸೋಮಾರಿಯಾಗಿತ್ತೆಂದು ಅವರೇ ಹೇಳಿ ನಕ್ಕರು. ನಮ್ಮಲ್ಲಿಗೆ ಬಂದಮೇಲೆ ಮೊದಲ ನಗು. 2ನೇ ವಾರದಿಂದ ಮಾಯಾಮಾಳವಗೌಳ ರಾಗದ ಸರಳೆ (ಆರಂಭದ ಸ್ವರಪಾಠ), ಒಂದನೇ ಕಾಲದಲ್ಲಿ, ಅಂದರೆ ನಿಧಾನಗತಿಯಲ್ಲಿ ಮಾತ್ರ. ಎಡಗೈ ಬೆರಳ ತುದಿಯ ಜಡ್ಡು ಹೋಗಿ ಚರ್ಮ ಮೆತ್ತಗಾಗಿತ್ತು. ನೋವೇ ಬಿಡಲು ನೆಪವಾಗಬಾರದೆಂದು ತಂತಿಯ ಬಿಗಿ ಕಡಿಮೆಯಾಗುವಂತೆ ಶ್ರುತಿಯನ್ನು ಎರಡೂವರೆಯಿಂದ ಎರಡಕ್ಕೆ ಇಳಿಸಲು ಹೇಳಿದೆವು.

ಅಳು ಬಂದರೆ ತಡೆಯಬೇಡಿ, ನಿಲ್ಲಿಸಿ ಅಳಿ. ಆದರೆ ಏಳುವ ಮೊದಲು ಸ-ಪ-ಸ ಮೀಟಿಯೇ ಏಳಿ. ಪ್ರತಿಸಲ ಅಳುತ್ತ ಓಡಿಹೋದರೆ ಮನಸ್ಸು ವೀಣೆಯನ್ನೇ ಹೆದರಿಕೆಯ ವಸ್ತುವಾಗಿ ಕಲಿತುಬಿಡುತ್ತದೆ.

5ನೇ ವಾರ ಎಡವಟ್ಟಾಯಿತು. ವರ್ಷಾಬ್ದಿಕದ ದಿನ ನುಡಿಸಬೇಕೆಂದು ನೆಂಟರು ಕೇಳಿದರು, ಇವರು ಒಪ್ಪಿದರು, ನಿದ್ದೆ ಹೋಯಿತು. ಆ ದಿನ ಹತ್ತು ಜನರೆದುರು ಕೈ ನಡುಗಿದರೆ ಮತ್ತೆ ಮೊದಲಿನಿಂದ ಶುರು. "ಈ ವರ್ಷ ಆಗಲ್ಲ" ಎಂದು ಮಗನ ಬಾಯಲ್ಲೇ ಹೇಳಿಸಿದೆವು.

ಈಗ 11ನೇ ವಾರ. ಕಲ್ಯಾಣಿಯ ಆರೋಹಣ ಅವರೋಹಣ ನುಡಿಸುತ್ತಾರೆ, ಕೃತಿ ಮುಟ್ಟಿಲ್ಲ. ಬೆತ್ತದ ಕುರ್ಚಿಯನ್ನು ಒಳಗಿಡಿಸಬೇಕೇ ಎಂದು ಕೇಳಿದ್ದಾರೆ, ಅವಸರವಿಲ್ಲ ಎಂದಿದ್ದೇವೆ. ಮುಂದಿನ ಭೇಟಿ ವರ್ಷಾಬ್ದಿಕ ಮುಗಿದ ಮರುವಾರ.