ಮಿಲ್ಯೂತಿನ್ ಲೇಖನ: ಬಿರುದು ಕಡಿಮೆ ಮಾಡಿ, ಸಿಪಾಯಿಗೆ ಜಾಗ ಕೊಡಿ

ನಮಸ್ಕಾರ.

ರಷ್ಯಾ ಸಾಮ್ರಾಜ್ಯದ ಯುದ್ಧ ಮಂತ್ರಿ ದ್ಮಿತ್ರಿ ಮಿಲ್ಯೂತಿನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಚೆನ್ನಾಗಿದೆ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

1816ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ್ದರಿಂದ ಶುರುಮಾಡಿ, ಎರಡು ಪುಟ ಬರೀ ಪದಕ, ಪದವಿ ಬರೆದಿದ್ದೀರಿ. ಮದುವೆ ಕರೆಯೋಲೆಯಲ್ಲಿ ಹಿರಿಯರ ಹೆಸರು ಜೋಡಿಸಿದ ಹಾಗಿದೆ. ಈತ ಯಾರ ಬದುಕು ಬದಲಾಯಿಸಿದ? ಅದು ಕೊನೆಯ ಪುಟದಲ್ಲಿ ಒಂದೇ ಸಾಲು: 1874ರಲ್ಲಿ ಕಡ್ಡಾಯ ಸೈನಿಕ ಸೇವೆ ಬಂತು. ಇಷ್ಟೇನಾ?

ಅದಕ್ಕೂ ಮೊದಲು ಸೇನೆಯ ಹೊರೆ ಬೀಳುತ್ತಿದ್ದದ್ದು ರೈತರು, ಪಟ್ಟಣದ ಬಡವರ ಮೇಲೆ. ಜಮೀನ್ದಾರರ ಮಕ್ಕಳಿಗೆ ವಿನಾಯಿತಿ. ಒಂದು ಕಾಲಕ್ಕೆ ಸೇವೆಯ ಅವಧಿ 25 ವರ್ಷ. ಸೇನೆಗೆ ಹೋದ ಮಗ ಮನೆಯವರ ಪಾಲಿಗೆ ಸತ್ತ ಹಾಗೆಯೇ. ಹೊಸ ಕಾನೂನು ಎಲ್ಲ ವರ್ಗದವರನ್ನೂ ಕರೆಯಿತು. ಒಟ್ಟು 15 ವರ್ಷ, ಅದರಲ್ಲಿ ದಂಡಿನಲ್ಲಿ 6, ಉಳಿದದ್ದು ಮೀಸಲು ಪಡೆಯಲ್ಲಿ, ಅಂದರೆ ಮನೆಯಲ್ಲಿದ್ದು ಯುದ್ಧ ಬಂದಾಗ ಹೋಗುವುದು. ಪ್ರಾಥಮಿಕ ಶಾಲೆ ಮುಗಿಸಿದ್ದರೆ ದಂಡಿನಲ್ಲಿ 4 ವರ್ಷ ಸಾಕು, ವಿಶ್ವವಿದ್ಯಾಲಯ ಮುಗಿಸಿದ್ದರೆ 6 ತಿಂಗಳು! ಹಳ್ಳಿ ಹುಡುಗರು ಶಾಲೆಗೆ ಹೋಗಲು ಯುದ್ಧ ಮಂತ್ರಿಯೇ ಒಂದು ಕಾರಣ ಕೊಟ್ಟ. ಲೇಖನ ಇಲ್ಲಿಂದ ಶುರುವಾಗಲಿ.

ಇನ್ನೊಂದು ಕೊಂಡಿ ನಿಮ್ಮ ಕೈತಪ್ಪಿದೆ. ಕ್ರಿಮಿಯಾ ಯುದ್ಧದಲ್ಲಿ ಸೋತಾಗ ರಷ್ಯಾಕ್ಕೆ ತರಬೇತಾದ ಮೀಸಲು ಪಡೆ ಸಾಲದಾಗಿತ್ತು. ಜೀತದ ರೈತ ಸಿಪಾಯಿಯಾದರೆ ಒಡೆಯನ ಹಿಡಿತದಿಂದ ಬಿಡುಗಡೆ. ಹಾಗಾಗಿ ಮೀಸಲು ಪಡೆ ಬೆಳೆಸಲು ಅವಧಿ ಕಡಿಮೆ ಮಾಡಿ ವರ್ಷವರ್ಷ ಜಾಸ್ತಿ ಜನರನ್ನು ಸೇರಿಸಿಕೊಂಡರೆ ಜೀತ ಪದ್ಧತಿಯೇ ಕುಸಿಯುತ್ತಿತ್ತು. 1861ರಲ್ಲಿ ಜೀತ ರದ್ದಾದ ಮೇಲೆಯೇ ದಾರಿ ತೆರೆದದ್ದು. ಜೀತ ರದ್ದು ಮಾಡಿದ ಆ ಕಾನೂನು ರೂಪಿಸಿದವರಲ್ಲಿ ಮಿಲ್ಯೂತಿನ್‌ನ ತಮ್ಮ ನಿಕೊಲಾಯ್ ಮುಖ್ಯ. ಅಣ್ಣ ಸೇನೆ ಕಡೆ, ತಮ್ಮ ಜಮೀನಿನ ಕಡೆ. ನೀವು ತಮ್ಮನ ಹೆಸರನ್ನೇ ಎತ್ತಿಲ್ಲ.

ಆತ ‘ದಯಾಮಯಿ’ ಎಂದು ಬರೆದಿದ್ದೀರಿ. 1863ರಲ್ಲಿ ಸಿಪಾಯಿಗಳಿಗೆ ಎರಡು ಸಾಲಾಗಿ ನಿಂತವರ ಕೋಲೇಟು ತಿನ್ನುತ್ತಾ ನಡುವೆ ನಡೆಯುವ ಶಿಕ್ಷೆ ತಪ್ಪಿತು, ನಿಜ. ಆದರೆ ಕಾಕಸಸ್ ಬೆಟ್ಟನಾಡಿನ ಸರ್ಕೇಸಿಯನ್ ಜನರನ್ನು ಅವರ ನೆಲದಿಂದ ಎಬ್ಬಿಸಬೇಕೆಂದು ವಾದಿಸಿದವರಲ್ಲಿ ಈತನೂ ಇದ್ದ. ಅಪಾರ ಜನ ಸತ್ತರು, ಲಕ್ಷಾಂತರ ಜನ ಒಟ್ಟೊಮನ್ (ತುರ್ಕಿ) ನಾಡಿಗೆ ಹೋಗಬೇಕಾಯಿತು. ಅದನ್ನು ಬಿಟ್ಟರೆ ಜೀವನಚರಿತ್ರೆ ಅಲ್ಲ, ಸುಮ್ನೆ ಹೊಗಳಿಕೆ.

ತುರ್ಕಿಯ ವಿರುದ್ಧದ ಯುದ್ಧದಲ್ಲಿ ರಷ್ಯನ್ನರು 1877ರಲ್ಲಿ ಹಾಕಿದ ಪ್ಲೆವ್ನಾ ಮುತ್ತಿಗೆಗೆ ಒಂದು ಪ್ಯಾರಾ ಸಾಕು. ಮೂರನೇ ದಾಳಿ ಸೋತಾಗ ಹಿಂದೆ ಸರಿಯುವುದು ಬೇಡ ಎಂದು ಆತ ಪಟ್ಟು ಹಿಡಿದದ್ದನ್ನು ಮಾತ್ರ ಇಟ್ಟುಕೊಳ್ಳಿ. ಪದಕಗಳನ್ನು ಪೂರ್ತಿ ತೆಗೆದು, ಅರ್ಧಕ್ಕೆ ಇಳಿಸಿ ಕಳಿಸಿ. ಮತ್ತೆ ಓದುತ್ತೇನೆ.